ಕನ್ನಡಿಯ ಮೇಲಿನ ಟಿಕಳಿ

ಬಿದ್ದದ್ದನ್ನೆಲ್ಲ ನುಂಗುವ ಲೇಪ ಬಂದ ಮೇಲೆ ಹುಬ್ಬಳ್ಳಿಯ ಆ ದೊಡ್ಡ ಹೋಟೆಲಿನಲ್ಲಿ ಕಸಬರಿಗೆ ಹಿಡಿಯುವವರೇ ಇಲ್ಲ. ಎಣ್ಣೆ ಸಿಡಿಯಲಿ, ಸಾಂಬಾರು ಚೆಲ್ಲಲಿ, ಲೇಪ ಹಚ್ಚಿದ ಗೋಡೆ, ನೆಲ ತಾವೇ ತಿಂದು ಮುಗಿಸುತ್ತವೆ. ಮೊದಲು ಕಸ ಗುಡಿಸುತ್ತಿದ್ದ ನಿಂಬೆವ್ವನಿಗೆ ಈಗ ಒಂದೇ ಕೆಲಸ: ಗಿರಾಕಿಗಳು ಮರೆತುಹೋದ ಉಂಗುರ, ಕನ್ನಡಕಗಳನ್ನು ಲೇಪ ನುಂಗುವ ಮೊದಲೇ ಎತ್ತಿಡುವುದು.

ಕೆಲಸದ ಹೆಂಗಸರ ಬಚ್ಚಲಿನ ಹಳೆಯ ಕನ್ನಡಿಗೆ ಮಾತ್ರ ಇನ್ನೂ ಲೇಪ ಬಿದ್ದಿರಲಿಲ್ಲ. ಅದರ ಮೇಲೆ ಗದಿಗೆವ್ವನ ಕೆಂಪು ಟಿಕಳಿ ಇತ್ತು. ಜೊತೆಯಲ್ಲೇ ದುಡಿಯುತ್ತಿದ್ದ ಗೆಳತಿ. ಮುಖ ತೊಳೆಯುವಾಗ ಹಣೆಯ ಟಿಕಳಿ ತೆಗೆದು ಅಲ್ಲಿ ಅಂಟಿಸುವುದು ಅವಳ ರೂಢಿ. ಒಂದು ಸಂಜೆ ಅದನ್ನು ಮರೆತು ಮನೆಗೆ ಹೋದವಳು ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಕನ್ನಡಿಯ ಮುಂದೆ ನಿಂಬೆವ್ವ ಸ್ವಲ್ಪ ಸರಿದು ನಿಂತರೆ, ಆ ಟಿಕಳಿ ಇಟ್ಟುಕೊಂಡು ಬಗಲಲ್ಲಿ ಗದಿಗೆವ್ವನೇ ನಿಂತ ಹಾಗಿರುತ್ತಿತ್ತು.

ಇವತ್ತು ಲೇಪ ಹಚ್ಚುವ ಹುಡುಗ ಸಾದಿಕ್ ಡಬ್ಬಿ ಹಿಡಿದು ಬಂದ. "ಅಕ್ಕಾರ, ಅದನ್ನ ಕಿತ್ತು ಇಟ್ಕೋರಿ. ಲೇಪ ಬಿದ್ರ ಉಳಿಯೂದಿಲ್ಲ."

ನಿಂಬೆವ್ವ ಉಗುರು ತಾಗಿಸಿದಳು. ಒಣಗಿದ ಅಂಚು ಪುಡಿಯಾಗಿ ಉದುರಿತು. ಕೈ ಹಿಂದಕ್ಕೆಳೆದುಕೊಂಡಳು.

ನಲ್ಲಿ ಬಿಟ್ಟು ಮುಖ ತೊಳೆದಳು. ತನ್ನ ಹಣೆಯ ಟಿಕಳಿ ತೆಗೆದು ಗದಿಗೆವ್ವನದರ ಪಕ್ಕದಲ್ಲಿ ಒತ್ತಿ ಅಂಟಿಸಿದಳು.

"ಅಕಿ ಒಬ್ಬಾಕಿನ ಹೋಗೂದು ಬ್ಯಾಡ," ಅಂದಳು. "ಈಗ ಹಚ್ಚಪ್ಪಾ."