ಗಟ್ಟಿ ಆಯಿಲ್

"ಇದು ಬೇಡ ಅಣ್ಣ. ಇದು ಸೆಖೆ ದೇಶದ ಲಾರಿಗೆ ಹಾಕೋ ಆಯಿಲ್ಲು," ಎಂದು ತಲಾಯ್ ಜೀಪಿನ ಕೆಳಗಿನಿಂದಲೇ ಕೂಗಿದ. ಅವನ ಬೂಟುಗಳೆರಡೇ ಹೊರಗೆ ಕಾಣುತ್ತಿದ್ದವು. ಹಿಂದಿನ ಆಕ್ಸಲಿನ ನಡುವಿನ ಗಿಯರ್ ಡಬ್ಬಿ, ಡಿಫರೆನ್ಶಿಯಲ್‌ನಿಂದ ಹಳೆಯ ಆಯಿಲ್ ಪೂರ್ತಿ ಬಸಿದಿತ್ತು. ಹೊಸದನ್ನು ತುಂಬುವುದೊಂದೇ ಬಾಕಿ.

ಓರೋಜ್‌ಬೆಕ್ ಕ್ಯಾನನ್ನು ತಮ್ಮನ ಕಡೆಗೆ ತಳ್ಳಿದ. "ಗೊತ್ತಿದ್ದೇ ತಂದಿದೀನಿ. ಗಟ್ಟಿ ಆಯಿಲ್ ಬಿದ್ರೆ ಅದರ ಗೋಳಾಟ ನಿಲ್ಲುತ್ತೆ. ನಾಡಿದ್ದು ಮಗಳಿಗೆ ಓಲೆ ತೊಡಿಸೋಕೆ ಬೀಗರು ಬರ್ತಾರೆ. ಹೆಣ್ಣಿನ ಮನೆಯವರ ಜೀಪು ದಾರಿಯುದ್ದಕ್ಕೂ ಕುಂಯ್ ಅಂತಿದ್ರೆ ಏನಂದ್ಕೊಂಡಾರು?"

"ಕ್ಯಾನಿನ ಮೇಲೆ ಎರಡು ಅಂಕಿ ಇದೆಯಲ್ಲ, ಮೊದಲಿಂದು ಚಳಿಗೆ. ಅದು ಕಮ್ಮಿ ಇದ್ದಷ್ಟೂ ನಮಗೆ ಒಳ್ಳೇದು. ಎಪ್ಪತ್ತೈದರದ್ದು ತರೋದು ಬಿಟ್ಟು ಎಂಬತ್ತೈದು-ನೂರನಲವತ್ತು ತಂದಿದೀಯ. ಬೇರಿಂಗ್ ಸವೆದು ಶಬ್ದ ಬರ್ತಿರೋದು. ಇದು ಅದರ ಬಾಯಿ ಮುಚ್ಚಿಸುತ್ತೆ ಅಷ್ಟೇ, ವಾಸಿ ಮಾಡಲ್ಲ."

"ನಿನ್ನ ಬಾಯಿ ಮುಚ್ಚಿಸೋ ಆಯಿಲ್ ಯಾವ ಅಂಗಡೀಲಿ ಸಿಗುತ್ತೆ, ಮೊದಲು ಅದನ್ನ ಹೇಳು."

ಕೆಳಗಿನಿಂದ ತಲಾಯ್ ನಕ್ಕಿದ್ದು ಕೇಳಿಸಿತು. "ಚಳಿ ಬಲಿಯೋ ಮೊದಲು ಬಸಿದುಬಿಡಬೇಕು, ಆಯ್ತಾ?"

"ಆಯ್ತು ಮಾರಾಯ, ಸುರಿ."

ಬೀಗರು ಬಂದರು. ಅತ್‌ಬಾಶಿ ಪೇಟೆಯಿಂದ ಮನೆಯವರೆಗೆ ಜೀಪು ಚಕಾರ ಎತ್ತಲಿಲ್ಲ. ಹುಡುಗನ ಸೋದರಮಾವ ಸೀಟು ತಟ್ಟಿ, "ಹಳೇ ರಷ್ಯನ್ ಗಾಡಿ ಹೀಗೆ ಇಟ್ಕೊಂಡಿದೀರಲ್ಲ, ಭೇಷ್!" ಎಂದ. ಕುರಿ ಕೊಯ್ದರು, ಮಗಳ ಕಿವಿಗೆ ಓಲೆ ತೊಡಿಸಿ ಮದುವೆ ನಿಶ್ಚಯಿಸಿದರು. ಆ ಹೊಗಳಿಕೆಯ ಗುಂಗು ಓರೋಜ್‌ಬೆಕ್‌ನನ್ನು ಬಿಡಲಿಲ್ಲ. ತಮ್ಮ ನೆನಪಿಸಿದಾಗಲೆಲ್ಲ "ನಾಳೆ ನೋಡೋಣ" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಆ ಕುಂಯ್‌ಗುಡುವ ಸದ್ದನ್ನು ಮತ್ತೆ ಕೇಳುವುದು ಅವನಿಗೆ ಬೇಡವಾಗಿತ್ತು.

ಡಿಸೆಂಬರಿನಲ್ಲಿ ಆಕ್‌ಸಾಯ್ ಬಯಲಿನ ಯಾಕ್ ದನ ಕಾಯುವವರಿಗೆ ಹಿಟ್ಟು, ಕಲ್ಲಿದ್ದಲು ತಲುಪಿಸಬೇಕಾಗಿತ್ತು. ಹೊರಡುವ ಬೆಳಿಗ್ಗೆ ಇಂಜಿನ್ ಅರಚಿತೇ ಹೊರತು ಜೀಪು ಸಲೀಸಾಗಿ ಸಾಗಲಿಲ್ಲ. ಹಿಂದಿನ ಗಾಲಿಗಳು ಕೆಸರಿನಿಂದ ಕಿತ್ತುಕೊಳ್ಳುವಂತೆ ಒಂದೊಂದೇ ಗೇಣು ಉರುಳಿದವು. ತಲಾಯ್ ಕಿಟಕಿಯಿಂದ ತಲೆ ಹೊರಹಾಕಿ ಅಣ್ಣನನ್ನು ನೋಡಿದ.

ಆ ನೋಟ ಏನು ಕೇಳುತ್ತಿದೆ ಎಂದು ಓರೋಜ್‌ಬೆಕ್‌ಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಕೆಂಡ ಇಟ್ಟು ಬಿಸಿ ಮಾಡಿ, ಬಸಿದು, ತೆಳುವಾದದ್ದು ತುಂಬಿದರೆ ಅರ್ಧ ದಿನದ ಕೆಲಸ. ಆದರೆ ಮೂಟೆ ಹೇರಿಯಾಗಿತ್ತು, ಬೇಲಿಯಾಚೆ ನೆರೆಯವರು ನಿಂತು ನೋಡುತ್ತಿದ್ದರು.

"ಏನು ನೋಡ್ತೀಯ? ನಾಲ್ಕು ಹೆಜ್ಜೆ ಓಡಿದ್ರೆ ಬಿಸಿಯಾಗಿ ಸಡಿಲ ಆಗುತ್ತೆ. ಹೊರಡು!" ಎಂದು ಗದರಿದ.

ತಲಾಯ್ ತಲೆ ಒಳಗೆಳೆದುಕೊಂಡು ಒಬ್ಬನೇ ಹೊರಟ.

ಹೋಗುವಾಗ ಜೀಪು ಹೇಗೋ ತಲುಪಿತು. ಆಕ್‌ಸಾಯ್‌ನ ಬಯಲಿನಲ್ಲಿ ರಾತ್ರಿಯೆಲ್ಲ ನಿಂತ ಮೇಲೆ ಆಯಿಲ್ ಕುರಿಯ ಬಾಲದ ಕೊಬ್ಬಿನಂತೆ ಹೆಪ್ಪುಗಟ್ಟಿತು. ಸವೆದ ಬೇರಿಂಗಿಗೆ ಅದರ ಪಸೆಯೂ ಮುಟ್ಟಲಿಲ್ಲ. ಮರಳುವಾಗ ಕಣಿವೆಯ ಏರಿನಲ್ಲಿ ಬೇರಿಂಗ್ ಸುಟ್ಟು ಹಿಡಿದುಕೊಂಡಿತು, ಹಿಂದಿನ ಗಾಲಿಗಳು ಕಲ್ಲಾದವು. ಜೀಪು ಬಿಟ್ಟು ಕುರುಬರ ಗುಡಾರದ ಕಡೆ ನಡೆದಿದ್ದರೆ ತಲಾಯ್‌ಗೆ ಏನೂ ಆಗುತ್ತಿರಲಿಲ್ಲ. ಅಣ್ಣನ ಗಾಡಿ ಎಂದು ಅವನು ಅದರ ಕೆಳಗೆ ಮಲಗಿ, ಬೆಂಕಿ ಉಗುಳುವ ಬ್ಲೋಲ್ಯಾಂಪ್ ಹಚ್ಚಿ ಡಿಫರೆನ್ಶಿಯಲ್ ಕಾಯಿಸಲು ನೋಡಿದ. ಉಣ್ಣೆಯ ಕೈಗವಸು ತೊಟ್ಟು ನಟ್ಟು ತಿರುಗಿಸಲಾಗದು. ಬಿಚ್ಚಿದ. ಸಂಜೆ ಆ ದಾರಿಯಾಗಿ ಕುದುರೆಯ ಮೇಲೆ ಬಂದ ಕುರುಬನೊಬ್ಬ ನೋಡಿದಾಗ ತಲಾಯ್ ಎರಡೂ ಕೈಗಳನ್ನು ಕೋಟಿನೊಳಗಿಟ್ಟುಕೊಂಡು ಕೂತಿದ್ದ. "ನೋವೇನಿಲ್ಲ, ಏನೂ ಗೊತ್ತಾಗ್ತಿಲ್ಲ," ಎಂದನಂತೆ.

ನರಿನ್ ಆಸ್ಪತ್ರೆಗೆ ಓರೋಜ್‌ಬೆಕ್ ಹೋದದ್ದು ವಾರದ ಮೇಲೆ. ಮೊದಲೇ ಹೋಗಬಹುದಿತ್ತು. ಜೀಪು ಎಳೆಸಿ ತರಬೇಕು, ಬಿಚ್ಚಿಸಬೇಕು ಎಂಬ ನೆವ ಇತ್ತು. ತಲಾಯ್‌ನ ಬಲಗೈಯಲ್ಲಿ ಚಳಿಗೆ ಸತ್ತ ಬೆರಳುಗಳನ್ನು ಕತ್ತರಿಸಿ ಹೆಬ್ಬೆರಳೊಂದನ್ನು ಉಳಿಸಿದ್ದರು. ಎಡಗೈಯಲ್ಲಿ ಅದೂ ಇರಲಿಲ್ಲ. ಓರೋಜ್‌ಬೆಕ್ ಚಹಾದ ಬಟ್ಟಲನ್ನು ಊದಿ ಊದಿ ಆರಿಸಿ ತಮ್ಮನ ತುಟಿಗೆ ಹಿಡಿದ. ಗಲ್ಲಕ್ಕೆ ಇಳಿದ ಹನಿಯನ್ನು ತನ್ನ ತೋಳಿನಿಂದ ಒರೆಸಿದ.

"ಬೈಯೋ ನನ್ನ. ಒಂದು ಸಲ ಬೈದುಬಿಡು."

"ಬೈಯೋದೇನು ಬಂತು? ಬೇಡ ಅಂತ ನಾನೇ ಇಳಿದುಬಿಡಬಹುದಿತ್ತು. ಇಳೀಲಿಲ್ಲ." ತಲಾಯ್ ಇನ್ನೊಂದು ಗುಟುಕಿಗೆ ಬಾಯಿ ಚಾಚಿದ. "ಮದುವೆ ದಿನ ಗೊತ್ತಾಯ್ತಾ?"

ಅಣ್ಣ ಬಟ್ಟಲನ್ನು ಕೆಳಗಿಟ್ಟ. "ಹೊಸ ಬೇರಿಂಗ್ ಹಾಕ್ಸಿದೀನಿ. ಆಯಿಲ್ ಮಾತ್ರ ತುಂಬಿಲ್ಲ, ನಿನ್ನನ್ನ ಕೇಳೋಣ ಅಂತ ಬಿಟ್ಟಿದೀನಿ. ಯಾವುದು ಹಾಕಲಿ? ನೀನು ಹೇಳಿದ್ದೇ ಹಾಕ್ತೀನಿ," ಎಂದ.

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ತಮ್ಮ ಈಗ ಕಿಟಕಿಯ ಕಡೆ ಮುಖ ತಿರುಗಿಸಿದ.

"ನಿನಗೆ ಸರಿ ಅನ್ಸಿದ್ದು ಹಾಕಣ್ಣ. ಇನ್ನು ಮೇಲೆ ಓಡಿಸೋನು ನೀನೇ ಅಲ್ವಾ."