ಇಂಬಳದ ಗಾಯ

ಹತ್ತಿಯ ಮೇಲಿನ ಸ್ಪಿರಿಟ್ ವಾಸನೆ ಬಂದರೆ ಇವತ್ತಿಗೂ ಸಂಸೆಯ ಸೋದರತ್ತೆ ಮನೆಯ ಕಾಫಿ ಗೋದಾಮು ನೆನಪಾಗುತ್ತದೆ. ಆಗ ನನಗೆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರು ಮಾಡಿ ವಾರವೂ ಆಗಿರಲಿಲ್ಲ. ಅತ್ತೆಯ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆವು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಮ್ಮ ನನ್ನನ್ನು ಗೋದಾಮಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಒರಟು ಗೋಣಿಚೀಲದ ಮೇಲೆ ಕೂರಿಸಿ, ರೇಷ್ಮೆ ಲಂಗ ಸರಿಸಿ, ತೊಡೆ ಒರೆಸಿ ಸೂಜಿ ಚುಚ್ಚಿದಳು.

"ಯಾರಿಗೂ ಹೇಳ್ಬೇಡ ಪುಟ್ಟಿ. ನಾಳೆ ನಿನ್ನನ್ನೂ ಯಾರಾದ್ರೂ ನೋಡೋಕೆ ಬರ್ಬೇಕಲ್ಲ" ಎಂದಳು.

ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿದರು. ಅಮ್ಮ ಸಿರಿಂಜನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನನ್ನ ತೊಡೆಯ ಮೇಲೆ ಒಂದು ಹನಿ ರಕ್ತವಿತ್ತು.

"ಏನಾಯ್ತೇ ಮಗೀಗೆ?"

"ಇಂಬಳ ಕಚ್ಚಿತ್ತು ಅತ್ತಿಗೆ" ಎಂದಳು ಅಮ್ಮ. ಕಾಫಿ ತೋಟದಲ್ಲಿ ರಕ್ತ ಹೀರುವ ಆ ಜಿಗಣೆ ಹತ್ತುವುದು ಮಾಮೂಲು.

"ಅಯ್ಯೋ, ಇರು ಮಾರಾಯ್ತಿ" ಎಂದ ಅತ್ತೆ ಹೊಸ ಸೀರೆಯಲ್ಲೇ ನೆಲದ ಮೇಲೆ ಕೂತು, ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿದರು. ಚುರುಚುರು ಉರಿಯಿತು. "ದೊಡ್ಡ ಇಂಬಳವಾ ಪುಟ್ಟಿ?" ಎಂದು ಕೇಳಿದರು.

ನಾನು ಅಮ್ಮನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಹೂಂ ಅತ್ತೆ, ದೊಡ್ಡದು" ಎಂದೆ. ಕಿವಿಯೆಲ್ಲ ಬಿಸಿಯಾಯಿತು.

ಊಟಕ್ಕೆ ಅಮ್ಮ ನನ್ನ ಪಕ್ಕದಲ್ಲೇ ಕೂತಳು. ತುಪ್ಪದ ಹೋಳಿಗೆ ಬಡಿಸುತ್ತಾ ಅತ್ತೆಯೇ ಬಂದಾಗ ನಾನು ಎಲೆಗೆ ಎರಡೂ ಕೈ ಅಡ್ಡ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನಂಗೆ ಹೋಳಿಗೆ ಕಂಡ್ರೇ ಆಗಲ್ಲ" ಎಂದೆ. ಅತ್ತೆಯ ಮುಖ ಸಣ್ಣದಾಯಿತು. ಅಮ್ಮ ಮಾತ್ರ, ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಬಂದ ಮಗುವಿಗೆ ಮಾಡುವಂತೆ, ನನ್ನ ಬೆನ್ನು ಸವರಿದಳು.