ಬಾಗಿಲು ಕಾಯುವವರು

‘ಮುಂದಿನ ಪಂದ್ಯವನ್ನೂ ಸೋತರೆ ತರಬೇತುದಾರ ಸೆರಿಕ್‌ಬಾಯ್ ಇರುವುದಿಲ್ಲ’ ಎಂದು ಪರದೆಯ ಮೇಲೆ ಸುದ್ದಿ ಬಂತು.

ಸೆರಿಕ್‌ಬಾಯ್ ಅವರನ್ನು ಹೂತು, ನಲವತ್ತನೆಯ ದಿನದ ಊಟ ಹಾಕಿಸಿ ತಿಂಗಳಾಗಿತ್ತು.

ಸೊಸೆ ಜೌರೆ ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕುರ್ಚಿಯ ಕೌದಿಯಲ್ಲಿ ಮಾವ ಕೂತ ಗುಂಡಿ ಹಾಗೇ ಇತ್ತು. ಅವಳು ಅದರ ಅಂಚಿಗಷ್ಟೇ ಕೂರುತ್ತಿದ್ದಳು. ಕಂಪ್ಯೂಟರಿನ ಫ್ಯಾನು ಅವರ ಉಸಿರಿನ ಹಾಗೆಯೇ ಗೊರಗುಟ್ಟುತ್ತಿತ್ತು. ಕಲ್ಲಿದ್ದಲ ಗಣಿಯಲ್ಲಿ ಮೂವತ್ತು ವರ್ಷ ದುಡಿದ ಉಸಿರು ಅದು.

“ಮತ್ತೆ ಸೋತ್ಯಾ?” ಗಂಡ ಎರ್ಮೆಕ್ ಚಹಾದ ಬಟ್ಟಲು ಹಿಡಿದು ಬಂದ. “ಸೋಲು ಒಂಬತ್ತಾಯ್ತು. ಅಪ್ಪ ಇದ್ದಿದ್ರೆ ಇದನ್ನ ಕಿಟಕಿಯಿಂದಾಚೆ ಎಸೀತಿದ್ರು.”

“ಅವರೆಲ್ಲೂ ಹೋಗಿಲ್ಲ. ಇಲ್ಲೇ ಬೆನ್ನ ಹಿಂದೆ ನಿಂತು ಬೈತಿದ್ದಾರೆ.”

ಇಬ್ಬರೂ ನಗಲಿಲ್ಲ.

ಆಟ ಫುಟ್‌ಬಾಲ್ ತಂಡ ನಡೆಸುವುದು. ಆಡುತ್ತಿದ್ದವರು ಇಬ್ಬರೇ: ಕರಗಂಡಾದಲ್ಲಿ ಸೆರಿಕ್‌ಬಾಯ್, ಗಡಿಯಾಚೆ ನರಿನ್‌ನಲ್ಲಿ ತುರ್ಗುನ್; ಉಳಿದ ತಂಡಗಳನ್ನು ಕಂಪ್ಯೂಟರೇ ಆಡಿಸುತ್ತಿತ್ತು. ಸೈನ್ಯದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ತುರ್ಗುನ್‌ಗೆ ಕಿವಿ ಮಂದ, ಹಾಗಾಗಿ ಫೋನಿಲ್ಲ. ಭಾನುವಾರ ಬೆಳಗಿನ ಚಹಾ ಆದ ಮೇಲೆ ಒಂದು ಪಂದ್ಯ, ಜೊತೆಗೆ ಬರೆದು ಬರೆದು ಜಗಳ. ತಂಡಕ್ಕೆ ತರಬೇತುದಾರರು ತಾವೇ; ಸಾಲದ್ದಕ್ಕೆ ಇಬ್ಬರೂ ತಮ್ಮ ಹೆಸರನ್ನೇ ಒಬ್ಬೊಬ್ಬ ಆಟಗಾರನಿಗೂ ಇಟ್ಟಿದ್ದರು. ಸೆರಿಕ್‌ಬಾಯ್ ಗೋಲು ಕಾಯುತ್ತಿದ್ದ, ತುರ್ಗುನ್ ಗೋಲು ಹೊಡೆಯುತ್ತಿದ್ದ.

ತುರ್ಗುನ್‌ಗೆ ಎರಡು ಸಲ ಹೃದಯದ ಆಪರೇಷನ್ ಆಗಿತ್ತು. ಸಾವಿನ ಸುದ್ದಿಯನ್ನು ದೂರದಿಂದ ಎಸೆಯಬಾರದು. ಹಿರಿಯರು ಹೋಗಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳಬೇಕು. ಕಣಿವೆಯ ಹಿಮ ಕರಗುವ ಮಾರ್ಚಿಗೆ ಎರ್ಮೆಕ್ ಮತ್ತು ಅವನ ಚಿಕ್ಕಪ್ಪ ಹೊರಡುವುದೆಂದಾಯಿತು. ಅಲ್ಲಿಯವರೆಗೆ ಮಾವನ ಕುರ್ಚಿ ಖಾಲಿಯಿರಬಾರದು. ತರಬೇತುದಾರನನ್ನು ವಜಾ ಮಾಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ಯಾಕೆಂದು ತುರ್ಗುನ್ ಕೇಳದೆ ಬಿಡುವವರಲ್ಲ.

ಹೆಸರು, ಗುಪ್ತಪದ ಎಲ್ಲ ಯಂತ್ರದಲ್ಲೇ ಇದ್ದದ್ದು ಅವಳ ಪುಣ್ಯ. ಮಾವನ ಹೆಸರನ್ನು ಸೊಸೆ ಹೇಳುವುದಿಲ್ಲ. ಹದಿಮೂರು ವರ್ಷದಲ್ಲಿ ಜೌರೆಯ ನಾಲಿಗೆ ಒಮ್ಮೆಯೂ ತಪ್ಪಿರಲಿಲ್ಲ, ಈಗ ಬೆರಳೂ ತಪ್ಪಲಿಲ್ಲ. ಗೋಲು ಕಾಯುವವನ ಮಾತು ಬಂದಾಗ ‘ನಮ್ಮ ಬಾಗಿಲು ಕಾಯುವವರು’ ಎಂದು ಬರೆಯುತ್ತಿದ್ದಳು.

“ಆಟದ ಹುಡುಗನಿಗೂ ಮರ್ಯಾದೇನಾ?” ಎಂದು ಎರ್ಮೆಕ್ ಒಮ್ಮೆ ಕೆಣಕಿದ್ದ.

“ಹೆಸರು ಅವರದು ತಾನೇ.”

ಮಾವನ ಹಾಗೆ ಗೆಳೆಯನನ್ನು ‘ಮುದುಕಾ’ ಎಂದು ಕರೆಯುವ ಸಲಿಗೆಯೂ ಅವಳಿಗೆ ಬರಲಿಲ್ಲ. ಪುಣ್ಯಕ್ಕೆ ತುರ್ಗುನ್ ಅವರೂ ಈಚೆಗೆ ಮೆತ್ತಗಾಗಿದ್ದರು. ಅವರ ತಂಡವೂ ಡಿಸೆಂಬರಿನಿಂದ ಸೋಲುತ್ತಲೇ ಇತ್ತು. ‘ಚಳಿ ಬಂದ ಮೇಲೆ ನಮ್ಮಲ್ಲೂ ಯಾವುದೂ ಮೊದಲಿನ ಹಾಗಿಲ್ಲ’ ಎಂದು ಬರೆದಿದ್ದರು. ಪಾಪ, ವಯಸ್ಸಾಯಿತು ಎಂದುಕೊಂಡಿದ್ದಳು ಜೌರೆ.

ಮುಂದಿನ ಪಂದ್ಯ ಅವರ ಮೇಲೆಯೇ.

ಶುಕ್ರವಾರ ಅತ್ತೆ ಸತ್ತವರ ಹೆಸರಿನಲ್ಲಿ ಏಳು ರೊಟ್ಟಿ ಕರಿಯುತ್ತಿದ್ದರು. ಎಣ್ಣೆಯ ಪರಿಮಳ ಮನೆ ತುಂಬಿತ್ತು, ಆ ಕುರ್ಚಿಯವರೆಗೂ ಹೋಗಿತ್ತು.

“ಜೌರೆ, ಹಿಟ್ಟು ನಾದಿದ ಮೇಲೆ ಏನ್ಮಾಡ್ತೀ?”

“ಮುಚ್ಚಿಡ್ತೀನಿ, ಅಪಾ.”

“ಗಳಿಗೆಗೊಂದ್ಸಲ ಮುಚ್ಚಳ ತೆಗೆದು ಮತ್ತೆ ನಾದ್ತೀಯಾ?”

“ಇಲ್ಲ.”

“ಮತ್ತೆ ಆ ಹುಡುಗರನ್ನ ಯಾಕೆ ವಾರಕ್ಕೊಂದ್ಸಲ ಎಬ್ಬಿಸಿ ಕೂರಿಸ್ತೀ? ಸೋತವರನ್ನೇ ಇನ್ನೊಂದ್ಸಲ ಕಳಿಸು. ಅವರು ಹಾಗೇ ಮಾಡ್ತಿದ್ರು. ಬೈಯೋರು, ಬಿಡ್ತಿರಲಿಲ್ಲ.”

ಭಾನುವಾರ ಜೌರೆ ತಂಡವನ್ನು ಮುಟ್ಟಲಿಲ್ಲ. ಸೋತ ಹನ್ನೊಂದು ಜನರನ್ನೇ ಇಳಿಸಿ, ಕೈ ಕಟ್ಟಿ ಕೂತಳು. ಬದಲಾಯಿಸೋಣವೆಂದು ಮೂರು ಸಲ ಬೆರಳು ಎದ್ದಿತು. ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗಿ ಮೂರು ಸಲವೂ ಇಳಿಯಿತು.

ಮೂವತ್ತನೆಯ ನಿಮಿಷ ಒಂದು ಗೋಲು. ಐವತ್ತರ ಮೇಲೆ ಇನ್ನೊಂದು. ಕಡೆಯಲ್ಲಿ ಎದುರಿನವರ ಚೆಂಡನ್ನು ಬಾಗಿಲು ಕಾಯುವವರು ಹಾರಿ ಹಿಡಿದರು. ಎರಡು–ಸೊನ್ನೆ. ಸೆರಿಕ್‌ಬಾಯ್ ಉಳಿದುಕೊಂಡರು.

“ಅಪಾ, ಉಳಿದ್ರು!” ಎಂದು ಅವಳು ಕೂಗಿದಳು. ಅಡುಗೆಮನೆಯಲ್ಲಿ ಬಟ್ಟಲೊಂದರ ಸದ್ದಾಯಿತು.

ಆಗ ಕಣ್ಣಿಗೆ ಬಿತ್ತು. ತಮ್ಮ ಹೆಸರಿನ, ಗೋಲು ಹೊಡೆಯುವ ಹುಡುಗನನ್ನು ತುರ್ಗುನ್ ಇವತ್ತು ಆಡಿಸಿಯೇ ಇರಲಿಲ್ಲ. ವಜಾದ ಸುದ್ದಿ ಅವರ ಪರದೆಯಲ್ಲೂ ಬಂದಿರುತ್ತದೆ. ಗೆಳೆಯ ಉಳಿಯಲಿ ಎಂದು ಬೇಕೆಂದೇ ಸೋತಿದ್ದಾರೆ. ಇಲ್ಲದ ಗೆಳೆಯನಿಗಾಗಿ.

ಅಷ್ಟರಲ್ಲಿ ನರಿನ್‌ನಿಂದ ಸಂದೇಶ ಬಂತು: ‘ನಿಮ್ಮ ಬಾಗಿಲು ಕಾಯುವವರು ಚೆನ್ನಾಗಿ ಆಡಿದ್ರು. ನಮ್ಮ ಎತ್ತರದವರಿಗೆ ಇವತ್ತು ಮೈ ಸರಿಯಿರಲಿಲ್ಲ.’

ಸಂತೋಷವೆಂದು ಬರೆಯಲು ಹೋದವಳು ನಿಂತಳು. ಇನ್ನೊಮ್ಮೆ ಓದಿದಳು. ಹಳೆಯ ಸಂದೇಶಗಳತ್ತ ಹಿಂದೆ ಹಿಂದೆ ಸರಿದಳು. ಅಕ್ಟೋಬರ್: ‘ತುರ್ಗುನ್ ಹೊಡೆದದ್ದು ನೋಡಿದೆಯೇನೋ ಮುದುಕಾ.’ ನವೆಂಬರ್: ‘ತುರ್ಗುನ್‌ನ ತಡೆಯೋಕೆ ನಿನ್ನ ಅಪ್ಪ ಬರಬೇಕು.’ ಡಿಸೆಂಬರಿನಿಂದ ಈಚೆಗೆ ಬರೀ ‘ನಮ್ಮ ಎತ್ತರದವರು’. ಆ ಹೆಸರು ಒಂದು ಸಲವೂ ಇಲ್ಲ.

ಜೌರೆ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ಒಂದೊಂದೇ ಅಕ್ಷರ ಒತ್ತಿದಳು: ‘ಆ ಎತ್ತರದವರ ಹೆಸರೇನು?’

ಫ್ಯಾನು ಗೊರಗುಟ್ಟುತ್ತಿತ್ತು. ಉತ್ತರ ಬಂತು.

‘ಹೇಳೋಕಾಗಲ್ಲ ಅಕ್ಕಾ. ನಮ್ಮ ಮಾವ ಡಿಸೆಂಬರಲ್ಲಿ ಹೋದ್ರು. ನಿಮ್ಮವರು?’